ಅಮ್ಮನ ಡಬ್ಬಿಗೆ ಎರಡು ದರ

ಭಾನುವಾರ, ಊಟದ ನಂತರ

ಕುಳಿತಲ್ಲೇ ಹಣ ಬೆಳೆಸುವ ನನ್ನ ತಮ್ಮನಿಗೆ, ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ಮಾಡುವ ಅಕ್ಕನಿಂದ ಪ್ರೀತಿಯ ಆಶೀರ್ವಾದಗಳು.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ಬಾಯಿ ಹಾಕುತ್ತೀಯ. ವಾರವೆಲ್ಲ ಇನ್ನೊಬ್ಬರ ಬಾಯಿಗಾಗಿಯೇ ದುಡಿಯುವವಳು ನಾನು. ಭಾನುವಾರವಾದರೂ ರಜೆ ಕೊಡು.

ಮೊನ್ನೆ ಬಂದಾಗ ನೀನು, ಅಮ್ಮನ ಖರ್ಚಿಗೆ ನಾವಿಬ್ಬರೂ ಹಣ ಹಾಕುವ ಡಬ್ಬಿ ಬರಿದಾಗುತ್ತಿದೆ, ಮೇಜರನ್ನು ಅರ್ಧ ದಿನಕ್ಕೆ ಇಳಿಸೋಣ ಅಂದೆ. ಅಮ್ಮನನ್ನು ನೋಡಿಕೊಳ್ಳುವ ಆ ಹೆಂಗಸಿಗೆ ಮೇಜರ್ ಅಂತ ಹೆಸರಿಟ್ಟವನೂ ನೀನೇ. ಸೊಂಟದ ಆಪರೇಷನ್ ಆದಮೇಲೆ ಮಂಚಕ್ಕೆ ಅಂಟಿಕೊಂಡಿದ್ದ ಅಮ್ಮ ಈಗ ಅವಳ ಗದರಿಕೆಗೆ ಹೆದರಿ ಬೀದಿ ಕೊನೆಯ ಔಷಧಿ ಅಂಗಡಿಯವರೆಗೆ ಹೋಗಿಬರುತ್ತಾಳೆ. ಮೇಜರ್ ಅರ್ಧ ದಿನಕ್ಕಾದರೆ ಅಮ್ಮ ಅರ್ಧ ದಾರಿಗೆ. ಅದಕ್ಕೆ ನಾನು ಬಿಡುವುದಿಲ್ಲ.

ಡಬ್ಬಿ ಬರಿದಾದದ್ದು ಹೇಗೆ? ಇಬ್ಬರೂ ಸಂಬಳಕ್ಕಿದ್ದಾಗ ತಲಾ ಸಂಬಳದ ನಾಲ್ಕರಲ್ಲೊಂದು ಪಾಲು ಹಾಕುತ್ತಿದ್ದೆವು. ನೀನು ಕೆಲಸ ಬಿಟ್ಟು ಷೇರುಗಳ ಲಾಭದಲ್ಲಿ ಬದುಕತೊಡಗಿದೆ. ಸರ್ಕಾರವೇ ಇಂಥ ಆದಾಯಕ್ಕೆ ತೆರಿಗೆ ಕಡಿಮೆ ಹಾಕುತ್ತೆ ಕಣಕ್ಕ, ಮನೇಲೂ ಹಾಗೇ ಇರಲಿ ಅಂತ ನಿನ್ನ ಪಾಲನ್ನು ಹತ್ತರಲ್ಲೊಂದಕ್ಕೆ ಇಳಿಸಿಕೊಂಡೆ. ಆಗ ಲಾಭ ಚಿಲ್ಲರೆಯಷ್ಟಿತ್ತು. ನಾನೂ ನಕ್ಕು ಒಪ್ಪಿದೆ. ಈಗ ಲಾಭ ಮರವಾಗಿದೆ, ನಿನ್ನ ಪಾಲು ಮಾತ್ರ ಇನ್ನೂ ಕುಂಡದಲ್ಲೇ ಇದೆ.

ಆ ಹಣಕ್ಕೆ ಒಮ್ಮೆ ತೆರಿಗೆ ಕಟ್ಟಿಯಾಗಿದೆ ಅನ್ನುತ್ತೀಯ. ಕಟ್ಟಿದ್ದು ಅಸಲು ಹಣಕ್ಕೆ, ನಾನು ಪಾಲು ಕೇಳುತ್ತಿರುವುದು ಅದು ಹಾಕಿದ ಮರಿಗೆ, ಲಾಭಕ್ಕೆ. ಹಣ ಮುಳುಗುವ ಭಯ ಇರುತ್ತೆ ಅಂದೆ ನೀನು. ನಿಜ, ಷೇರು ಬಿದ್ದ ವರ್ಷ ನಷ್ಟ ಕಳೆದು ಉಳಿದದ್ದಕ್ಕೇ ಪಾಲು ಹಾಕು, ನನ್ನ ತಕರಾರಿಲ್ಲ. ಆದರೆ ಮಣಿಕಟ್ಟೂ ಬಂಡವಾಳವೇ ಕಣೋ. ಹಲ್ಲಿನ ಸೆಟ್ಟಿನ ಮೇಣ ಕೆತ್ತಿ, ಅಂಚು ಉಜ್ಜಿ ಅದೂ ಸವೆಯುತ್ತೆ. ಆ ಸವಕಳಿಯನ್ನು ನನ್ನ ಪಾಲಿನಲ್ಲಿ ನೀನು ಕಳೆದದ್ದುಂಟೆ? ಹೆಚ್ಚು ಕೇಳಿದರೆ ಯಾರೂ ಹಣ ಹೂಡಲ್ಲ ಅಂತಲೂ ಹೆದರಿಸಿದೆ. ನಾಲ್ಕರಲ್ಲಿ ಮೂರು ಪಾಲು ಕೈಯಲ್ಲೇ ಉಳಿಯುವಾಗ ನೀನು ಮುನಿಸಿಕೊಂಡು ಹಣವನ್ನೆಲ್ಲ ದಿಂಬಿನೊಳಗೆ ತುರುಕುವ ಪೈಕಿಯಲ್ಲ. ನಿನ್ನನ್ನು ಎತ್ತಿ ಆಡಿಸಿದವಳಿಗೆ ಅಷ್ಟೂ ಗೊತ್ತಿಲ್ಲವೆ?

ಮುಂದಿನ ತಿಂಗಳಿಂದ ಇಬ್ಬರಿಗೂ ಒಂದೇ ದರ, ನಾಲ್ಕರಲ್ಲೊಂದು. ಅಮ್ಮ ಇದನ್ನು ಕೇಳಿ, ಅವನು ಚಿಕ್ಕಂದಿನಲ್ಲೂ ತಟ್ಟೆ ತೊಳೆಯೋ ಸರದಿ ಬಂದಾಗಲೇ ಹೊಸ ಕಾನೂನು ತರ್ತಿದ್ದ ಅಂದಳು. ತಮ್ಮನೋರು ಒಪ್ಪದಿದ್ರೆ ಅವರನ್ನೂ ಔಷಧಿ ಅಂಗಡೀವರೆಗೆ ನಡೆಸ್ತೀನಿ ಅಂತ ಮೇಜರ್ ಅಡುಗೆಮನೆಯಿಂದಲೇ ಗುಡುಗಿದ್ದಾಳೆ.

ಇಂತು,
ಹಲ್ಲು ಮಾಡಲು ಕಲಿತರೂ ಹಲ್ಲು ಕಚ್ಚಿ ಸುಮ್ಮನಿರಲು ಕಲಿಯದ
ನಿನ್ನ ಅಕ್ಕ

ತಾ.ಕ.: ಅಕ್ಷರ ಅಮ್ಮನದೆಂದು ಮೊದಲ ಸಾಲಿಗೇ ಗುರುತು ಹಿಡಿದಿರುತ್ತೀಯ. ನಾನು ಹೇಳಿದೆ, ಅವಳು ನಗುತ್ತಾ ಬರೆದಳು. ನನ್ನ ಮಣಿಕಟ್ಟು ಇನ್ನು ಲ್ಯಾಬಿನ ಕೆಲಸಕ್ಕೂ ಆಗದು ಅಂತ ಡಾಕ್ಟರು ಹೇಳಿಬಿಟ್ಟರು. ತಿಂಗಳ ಕೊನೆಗೆ ಲ್ಯಾಬ್ ಬಿಡುತ್ತಿದ್ದೇನೆ; ಉಳಿತಾಯವನ್ನೆಲ್ಲ ಷೇರಿಗೆ ಹಾಕಿದ್ದೇನೆ. ಇನ್ನು ನಾನೂ ಕುಳಿತು ಬೆಳೆಸುವವಳೇ. ನಿನ್ನ ಕಾನೂನು ಉಳಿದರೆ ನನ್ನ ಪಾಲೂ ಹತ್ತರಲ್ಲೊಂದು. ಆದರೂ ನಾನು ಹಾಕುವುದು ನಾಲ್ಕರಲ್ಲೊಂದೇ. ಈಗ ಫೋನ್ ಮಾಡಿ ಬಾಯಿ ಹಾಕು, ನೋಡೋಣ.