ರನೀಮ್ ಗುರುತಿಸಿದ ಗಂಡುಮರ

ತೋಜರ್, ಏಪ್ರಿಲ್ 2

ಅಮ್ಮನಿಗೆ ಬೆಸ್ಮಾಳ ಸಲಾಮು. ನಿನ್ನ ಮೊಮ್ಮಗಳು ಚೆನ್ನಾಗಿದ್ದಾಳೆ, ಮೂಗಿನ ತುದಿ ಮಾತ್ರ ಬಿಸಿಲಿಗೆ ಸುಲಿದಿದೆ.

ನಿನ್ನೆ ಇಲ್ಲಿನ ಖರ್ಜೂರದ ತೋಟದಲ್ಲಿ, ಪ್ರವಾಸಕ್ಕೆ ಕರೆತಂದ ನನ್ನ ನಲವತ್ತು ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ಇನ್ನೂ ಬಿರಿಯದ ಒಂದು ಹೊಂಬಾಳೆ ತೋರಿಸಿ, "ಇದು ಹೆಣ್ಣುಮರ, ಗಂಡುಹೂ ತಂದು ಇದಕ್ಕೆ ಕಟ್ಟಬೇಕು" ಎಂದೆ. ಮರ ಹತ್ತಿ ಹೂ ಕಟ್ಟುವ ಲಝರ್‌ನ ಬೆನ್ನು ಹತ್ತಿ ಎರಡು ದಿನ ತಿರುಗಿದ್ದ ರನೀಮ್ ನನ್ನ ತೋಳು ಜಗ್ಗಿದಳು. "ಅಮ್ಮಾ, ಅದು ಗಂಡು. ಎಷ್ಟು ದಪ್ಪಗಿದೆ ನೋಡು!"

"ಸುಮ್ನಿರು, ಪಾಠ ನಡೀತಿದೆ" ಎಂದು ಗದರಿದೆ.

ಲಝರ್ ಪಕ್ಕದ ಮರದಿಂದ ಇಳಿದು ಬಂದ. "ಮೇಡಂ, ಈ ಮರ ಹಣ್ಣು ಬಿಟ್ರೆ ನನ್ ಮಗಳ ಮದುವೇಲಿ ಅದನ್ನೇ ಹಂಚ್ತೀನಿ! ನೀವು ಸ್ಫಾಕ್ಸಿನೋರಲ್ವಾ? ಆಲಿವ್ ಬೆಳೆಯೋರಿಗೆ ಗಂಡುಮರ ಹೆಣ್ಣುಮರದ ಗೊಡವೆ ಎಲ್ಲಿ!" ಎನ್ನುತ್ತ ಹೊಂಬಾಳೆ ಕತ್ತರಿಸಿ ಸೀಳಿ ಒದರಿದ. ಗಂಡುಹೂವಿನ ಬಿಳಿ ಪುಡಿ ನನ್ನ ಮುಖಕ್ಕೆಲ್ಲ ಮೆತ್ತಿಕೊಂಡಿತು.

ಹತ್ತೊಂಬತ್ತು ವರ್ಷದಿಂದ ಇದನ್ನೇ ಕಲಿಸುತ್ತಿದ್ದೇನೆ, ಕರಿಹಲಗೆಯ ಮೇಲೆ! ಎಲ್ಲರ ಜೊತೆ ನಾನೂ ನಕ್ಕೆ. ಪರೀಕ್ಷೆಯ ಮೊದಲ ಪ್ರಶ್ನೆಯೇ "ಟೀಚರ್ ಎಲ್ಲಿ ತಪ್ಪಿದರು?" ಎಂದು ಅಲ್ಲೇ ಸಾರಿಬಿಟ್ಟೆ. ಆಮೇಲೆ ನನ್ನನ್ನು ಕೇಳುವವರೇ ಇಲ್ಲ. ನಲವತ್ತು ಜನವೂ ನೋಟ್‌ಬುಕ್ ಹಿಡಿದು ರನೀಮಳ ಹಿಂದೆ.

ಅವಳ ಅಂಗೈಗೆ ಮುಳ್ಳು ಚುಚ್ಚಿತ್ತು, ಊತ ಇಳಿದಿದೆ, ಗಾಬರಿಯಾಗಬೇಡ. ಕೆಲಸದ ಜಾಗಕ್ಕೆ ಮಗುವನ್ನು ಕಟ್ಟಿಕೊಂಡು ಹೋಗಬೇಡ ಅಂದಿದ್ದೆಯಲ್ಲ? ಅವಳ ಹೆಡ್‌ಮಿಸ್ ವಿಚಾರಿಸಿದರೆ, ನಾಲ್ಕನೇ ಕ್ಲಾಸಿಗೆ ನಾಲ್ಕು ದಿನ ಚಕ್ಕರ್ ಹಾಕಿದ್ದು ನಿಜ ಎನ್ನು. ಅವಳು ಯೂನಿವರ್ಸಿಟಿಯವರಿಗೆ ಪಾಠ ಮಾಡುವುದಿತ್ತು ಎಂದೂ ಹೇಳು.

ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ.

ಬೆಸ್ಮಾ