ಎಪ್ಪತ್ತೊಂದಕ್ಕೆ ಕಡಿದ ಅಪ್‌ಡೇಟು

ಅಂಗಡಿಯ ಹಿಂದಿನ ಕೋಣೆ, ಕಿಟಕಿಯ ಪಕ್ಕ
ಗುರುವಾರ, ಮಧ್ಯಾಹ್ನ ಮೂರೂ ಮುಕ್ಕಾಲು

ಪ್ರೀತಿಯ ತಮ್ಮಾ,

ಅದಲ್ಲ ಕಣೋ, ನಾನು ಮಾತು ಮುಗಿಸುವ ಮೊದಲೇ ನೀನು ನಿನ್ನೆ ಫೋನು ಇಟ್ಟುಬಿಟ್ಟೆ. ನಾನು ಹೇಳಲು ಹೊರಟಿದ್ದು ಇಷ್ಟೇ: ನಿನ್ನ ಹೆಂಡತಿಯ ಫೋನಿಗೆ ಯಾರೂ ಫೋನು ಮಾಡಬಾರದಿತ್ತು, ನೀನೂ ಮಾಡಬಾರದಿತ್ತು. ಅವಳ ಫೋನಿನಿಂದಲೇ ನಾವು ನಿನ್ನ ಎಂಬ್ರಾಯ್ಡರಿ ಅಂಗಡಿಯ ಕಂಪ್ಯೂಟರಿಗೆ ಇಂಟರ್ನೆಟ್ ಹಾಯಿಸುತ್ತಿದ್ದೆವು. ಕರೆ ಬಂದರೆ ನೆಟ್ ನಿಲ್ಲುತ್ತದೆ, ನೆಟ್ ನಿಂತರೆ ಡೌನ್‌ಲೋಡು ಕಡಿಯುತ್ತದೆ, ಕಡಿದರೆ ಮತ್ತೆ ಸೊನ್ನೆಯಿಂದ. ನಿನ್ನೆ ನೀನು ಅವಳನ್ನು ಎರಡನೆಯ ಸಲ ಬೈಯಲೆಂದು ಮಾಡಿದ ಫೋನಿಗೇ, ನೂರಕ್ಕೆ ಎಪ್ಪತ್ತೊಂದರವರೆಗೆ ಬಂದಿದ್ದ ಅಪ್‌ಡೇಟು ಕಡಿದುಹೋಯಿತು. ಬೈದು ಸುಸ್ತಾಗಿ ನೀನು ಮಲಗಿದೆ, ನಾನು ಒಂದರಿಂದ ಎಣಿಸುತ್ತ ಕೂತೆ. ಅದನ್ನು ವಿವರಿಸೋಣವೆಂದು ನನ್ನ ಗುಂಡಿ ಫೋನಿನಿಂದ ನಿನಗೆ ಮಾಡಿದರೆ 'ಆ ಡಬ್ಬದ ಸುದ್ದಿ ಎತ್ಬೇಡ' ಎಂದು ಇಟ್ಟೆ. ಸರಿ, ಕಾಗದವನ್ನು ಹಾಗೆ ಇಡಲು ಬರುವುದಿಲ್ಲವಲ್ಲ. ಪಕ್ಕದ ಔಷಧಿ ಅಂಗಡಿಯವರು ನಾಳೆ ಬೆಳಗ್ಗೆ ಸರಕು ತರಲು ನಿನ್ನ ಆಸ್ಪತ್ರೆಯ ಕಡೆಗೇ ಬರುತ್ತಾರೆ. ಹತ್ತು ಗಂಟೆಯೊಳಗೆ ಇದನ್ನು ನಿನ್ನ ಹಾಸಿಗೆಯ ತನಕ ತಲುಪಿಸುತ್ತೇನೆಂದು ಒಪ್ಪಿದ್ದಾರೆ.

ಕಾಲು ಹೇಗಿದೆ? ತೂಕ ಕಟ್ಟಿದ ಹಗ್ಗವನ್ನು ನೀನೇ ಕದ್ದು ಸಡಿಲ ಮಾಡುತ್ತೀಯೆಂದು ಮೊನ್ನೆ ನರ್ಸಮ್ಮ ನನ್ನ ಹತ್ತಿರ ದೂರು ಹೇಳಿದರು. ಹಾಗೆ ಮಾಡಬೇಡ. ಏಣಿ ಹತ್ತಿ ಬೋರ್ಡು ಒರೆಸುವುದು ಬೇಡ ಎಂದು ಹೇಳಿದವನೂ ನಾನೇ, ಕೇಳದೆ ಬಿದ್ದವನು ನೀನು. ಎಲುಬು ಕೂಡುವುದಕ್ಕೆ ಅದರದೇ ಲೆಕ್ಕವಿರುತ್ತದೆ, ನಿನ್ನ ಅವಸರ ಅದಕ್ಕೆ ತಿಳಿಯುವುದಿಲ್ಲ. ಬೆನ್ನಿನ ಕೆಳಗೆ ಮಡಚಿದ ಟವೆಲ್ಲು ಇಟ್ಟುಕೋ, ಹುಣ್ಣಾಗದಂತೆ ನೋಡಿಕೋ. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಗಳು ಗಣಿತದಲ್ಲಿ ಒಂಬತ್ತು ತಗೊಂಡಳಂತೆ, ಹತ್ತಕ್ಕೋ ಇಪ್ಪತ್ತೈದಕ್ಕೋ ಎಂದು ಕೇಳಿದರೆ ಹೇಳುತ್ತಿಲ್ಲ. ನನ್ನ ಮಂಡಿ ಮೆಟ್ಟಿಲು ಹತ್ತುವಾಗ ಬೈಯುತ್ತದೆ, ಇಳಿಯುವಾಗ ಸುಮ್ಮನಿರುತ್ತದೆ. ಬೆಳಗ್ಗೆ ಬಂದು ಅಂಗಡಿಯ ಬಾಗಿಲು ತೆಗೆಯುತ್ತೇನೆ, ಸಂಜೆ ಮುಚ್ಚಿ ಮನೆಗೆ ಹೋಗುತ್ತೇನೆ. ಒಬ್ಬನೇ ಮನೆಯಲ್ಲಿ ಗೋಡೆ ನೋಡುವುದಕ್ಕಿಂತ ಇದು ಎಷ್ಟೋ ವಾಸಿ.

ಈಗ ವಿಷಯಕ್ಕೆ ಬರುತ್ತೇನೆ. ಸೋಮವಾರ ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಅಪ್‌ಡೇಟು ಮಾಡಿಕೊಳ್ಳಲು ತೊಡಗಿತ್ತು. ನೀಲಿ ಪರದೆ, ನಡುವೆ ಚುಕ್ಕಿಗಳ ಉಂಗುರ. ಅದು ತಿರುಗುತ್ತಿರುವಾಗಲೇ ಮೇನ್ ಸ್ವಿಚ್ಚು ಆರಿತು. ಮಂಗಳವಾರ ಬೆಳಗ್ಗೆ ನೋಡಿದರೆ ಕಪ್ಪು ಪರದೆ, ಮೇಲೆ ಒಂದು ಸಾಲು ಬಿಳಿ ಇಂಗ್ಲಿಷು, ಅಷ್ಟೇ. ನೀನು ಫೋನಿನಲ್ಲಿ 'ಆರ್ಸಿದ್ದು ಯಾರು' ಎಂದು ಕೇಳಿದೆ. ನಿನ್ನ ಹೆಂಡತಿ 'ನಾನೇ' ಎಂದಳು. ಆಮೇಲೆ ನೀನು ಆಡಿದ್ದು ಸ್ಪೀಕರಿನಲ್ಲಿ ನನಗೂ ಕೇಳಿಸಿತು. 'ಹನ್ನೊಂದು ವರ್ಷದಿಂದ ನೋಡ್ತಿದ್ದೀಯ, ಒಂದು ಸ್ವಿಚ್ ಯಾವಾಗ ಆರ್ಸ್ಬೇಕು ಅಂತ ಗೊತ್ತಾಗ್ಲಿಲ್ವಾ? ಇನ್ಮೇಲೆ ಆ ಕುರ್ಚಿ ಮುಟ್ಬೇಡ. ನಾನು ಬರೋ ತನಕ ಮೆಷಿನ್ ಹತ್ರಾನೇ ಹೋಗ್ಬೇಡ.' ಅವಳು 'ಸರಿ' ಎಂದು ಫೋನಿಟ್ಟು ಒಳಗೆ ಹೋದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ನೀನು ಎರಡನ್ನೂ ಒಂದೇ ಉಸಿರಿನಲ್ಲಿ ಮಾಡಿದೆ. ನರ್ಸಿಂಗ್ ಶಾಲೆಯ ನೂರಿಪ್ಪತ್ತು ಬ್ಯಾಡ್ಜು ಶನಿವಾರ ಮಧ್ಯಾಹ್ನಕ್ಕೆ ಕೊಡಬೇಕು. ಅಂಗೈ ಮೇಲೆ ದೀಪವಿರುವ ಆ ಡಿಸೈನು ಕೂರಿಸಿದವಳು ಅವಳು, ಈ ಬೀದಿಯಲ್ಲಿ ಆ ಎಂಬ್ರಾಯ್ಡರಿ ಮೆಷಿನ್ನು ನಡೆಸಲು ಬರುವವಳೂ ನಿನ್ನನ್ನು ಬಿಟ್ಟರೆ ಅವಳೊಬ್ಬಳೇ. ಇದು ನಿನಗೂ ಗೊತ್ತು, ಸಿಟ್ಟಿನಲ್ಲಿ ಮರೆತೆ. ಸ್ವಿಚ್ಚು ಯಾರು ಆರಿಸಿದರು ಎಂಬ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ರಿಪೇರಿಯ ಕಥೆ ಕೇಳು, ನಿನಗೆ ಖುಷಿಯಾಗುತ್ತದೆ.

ಮೂಲೆಯಂಗಡಿಯ ಫಾರ್ಮ್ಯಾಟಣ್ಣನನ್ನು ಕರೆಸಿದೆ. ಯಾವ ಕಾಯಿಲೆ ಹೇಳಿದರೂ ಅವನದು ಒಂದೇ ಔಷಧಿ, ಅದಕ್ಕೇ ಆ ಹೆಸರು. ಬಂದವನು ಎರಡು ಸಲ ಗುಂಡಿ ಒತ್ತಿ, 'ವಯಸ್ಸಾಯ್ತು ಯಜಮಾನ್ರೇ, ಇನ್ನು ಇದ್ರಿಂದ ಏನೂ ಆಗಲ್ಲ' ಎಂದ. ಹೇಳುವಾಗ ಕಂಪ್ಯೂಟರನ್ನು ನೋಡಬೇಕಿತ್ತು, ನನ್ನನ್ನು ನೋಡುತ್ತಿದ್ದ. ಮೊದಲು ನನ್ನ ತಮ್ಮನ ಡಿಸೈನುಗಳನ್ನು ಹೊರಗೆ ತೆಗೆದಿಡು, ಆಮೇಲೆ ಯಾರಿಗೆ ವಯಸ್ಸಾಯಿತೆಂದು ನೋಡೋಣ ಎಂದೆ. ತೆಗೆದ. ನಿನ್ನ ಸಾವಿರದ ನಾನೂರು ಚಿಲ್ಲರೆ ಡಿಸೈನೂ ಒಂದು ಪೆನ್‌ಡ್ರೈವಿನಲ್ಲಿ ಭದ್ರವಾಗಿವೆ, ಅದು ನನ್ನ ಅಂಗಿಯ ಜೇಬಿನಲ್ಲಿದೆ. ಆಮೇಲೆ ತನ್ನ ಬಳಿಯಿದ್ದ ಹಳೆಯ ಆಪರೇಟಿಂಗ್ ಸಿಸ್ಟಮ್ಮನ್ನು ಹಾಕಿ, 'ಇದು ತಳಪಾಯ ಅಷ್ಟೇ, ಮೇಲಿನ ಅಪ್‌ಡೇಟೆಲ್ಲ ನೀವೇ ಇಳಿಸ್ಕೊಳ್ಳಿ, ಅದಾಗ್ದೆ ನಿಮ್ಮ ಎಂಬ್ರಾಯ್ಡರಿ ಪ್ರೋಗ್ರಾಮ್ ಏಳಲ್ಲ' ಎಂದು ಹೊರಟ. ಎಷ್ಟಿದೆ ಎಂದರೆ ನಾಲ್ಕು ಜಿಬಿಯ ಮೇಲೆ. ರಸ್ತೆ ಅಗೆಯುವವರು ಕೇಬಲ್ಲು ಕಡಿದು ಹದಿನೈದು ದಿನವಾಯಿತು, ಇಡೀ ಬೀದಿ ಫೋನಿನ ನೆಟ್ಟಿನಲ್ಲೇ ಉಸಿರಾಡುತ್ತಿದೆ, ಫಾರ್ಮ್ಯಾಟಣ್ಣನೂ ಸೇರಿ. 'ಈ ಸ್ಪೀಡಿಗೆ ನಿಮ್ಮ ತಮ್ಮ ನಡ್ಕೊಂಡು ಬರೋ ಹೊತ್ತಿಗೆ ಮುಗಿಯುತ್ತೆ' ಎಂದು ನಕ್ಕ.

ಅವನಿಗೇನು ಗೊತ್ತು. ಮೂವತ್ತೊಂದು ವರ್ಷ ಪಂಪುಮನೆಯಲ್ಲಿ ಕೂತು ಊರಿಗೆ ನೀರು ಬಿಟ್ಟವನು ನಾನು. ಬೆರಳು ಗಾತ್ರದ ಧಾರೆಯಲ್ಲಿ ಆನೆ ಗಾತ್ರದ ಟ್ಯಾಂಕು ತುಂಬಿಸುವುದನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲ ಕೆಲಸ, ಸೋರುವ ನಲ್ಲಿ ಮುಚ್ಚುವುದು. ನಿನ್ನ ಹೆಂಡತಿಯ ಫೋನಿನಲ್ಲಿ ನೆಂಟರ ಗುಂಪೊಂದಿದೆಯಲ್ಲ, ದಿನಕ್ಕೆ ನಲವತ್ತು ಹೂವಿನ ಚಿತ್ರ, ಎಲ್ಲರಿಗೂ ಶುಭೋದಯ. ಅದನ್ನು ಮುಚ್ಚಿಸಿದೆ. ಕಂಪ್ಯೂಟರು ಕೇಳದೆಯೇ ಹವಾಮಾನ ಹೇಳುತ್ತಿತ್ತು, ಅದನ್ನೂ ಮುಚ್ಚಿದೆ, ಕಿಟಕಿಯಾಚೆ ನೋಡಿದರೆ ನನಗೇ ಗೊತ್ತಾಗುತ್ತದೆ. ಎರಡನೆಯದು, ಒತ್ತಡ ಎಲ್ಲಿದೆ ಎಂದು ಹುಡುಕುವುದು. ಫೋನನ್ನು ಹಿಡಿದು ಅಂಗಡಿಯಿಡೀ ಸುತ್ತಿದೆ. ಕಡೆಗೆ ಕಿಟಕಿಯ ಎರಡನೆಯ ಸರಳಿಗೆ ದಾರದ ಡಬ್ಬಿ ಕಟ್ಟಿ ಅದರಲ್ಲಿ ನಿಲ್ಲಿಸಿದಾಗ ಮೂರು ಗೆರೆ ಬಂತು. ಮೂರನೆಯದು, ಊರು ಏಳುವ ಮೊದಲು ತುಂಬಿಸಿಕೊಳ್ಳುವುದು. ಬೆಳಗಿನ ಐದರಿಂದ ಏಳರವರೆಗೆ ಇಳಿದಷ್ಟು ಉಳಿದ ದಿನವಿಡೀ ಇಳಿಯುವುದಿಲ್ಲ. ಬುಧವಾರ ಐದಕ್ಕೇ ಬಂದು ಅಂಗಡಿಗೆ ಅಂಟಿಕೊಂಡ ನಿಮ್ಮ ಮನೆಯ ಬಾಗಿಲು ತಟ್ಟಿದೆ, ನಿನ್ನ ಹೆಂಡತಿ ಕಣ್ಣುಜ್ಜಿಕೊಂಡು ಬೀಗದ ಕೈ ಕೊಟ್ಟಳು, ಬೈಯಲಿಲ್ಲ.

ಇಂಗ್ಲಿಷಿನ ವಿಷಯದಲ್ಲಿ ನನಗೆ ಕಷ್ಟವಾಗಲಿಲ್ಲ. ಕಾಲೇಜಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಹೇಳುತ್ತಿದ್ದರು, ಗೊತ್ತಿಲ್ಲದ ಪದ ಎದುರಾದರೆ ಅದರ ಅಕ್ಕಪಕ್ಕದವರನ್ನು ವಿಚಾರಿಸಿ ಎಂದು. ಎರಡು ವರ್ಷ ಓದಿದ್ದರಲ್ಲಿ ಅದೊಂದು ಉಳಿದಿದೆ, ಆಮೇಲೆ ಒಂದೆರಡು ಪದ್ಯದ ಬಾಲ. ಆದರೆ ಈ ಕಂಪ್ಯೂಟರಿನವರ ಇಂಗ್ಲಿಷಿಗೆ ಆ ಮೇಷ್ಟ್ರು ಖಂಡಿತ ಮಾರ್ಕು ಕಡಿಯುತ್ತಿದ್ದರು. ಒಂದು ಸಲ ನಿಂತುಹೋಗಿ 'ಸಮ್‌ಥಿಂಗ್ ವೆಂಟ್ ರಾಂಗ್' ಎಂದು ಬರೆದುಕೊಂಡಿತು. ಏನೋ ಕೆಟ್ಟಿತಂತೆ. ಏನು, ಎಲ್ಲಿ, ಯಾಕೆ, ಒಂದೂ ಇಲ್ಲ. ಪಂಪುಮನೆಯ ಲಾಗ್‌ಬುಕ್ಕಿನಲ್ಲಿ ನಾನು ಹಾಗೆ ಬರೆದಿದ್ದರೆ ನಮ್ಮ ಇಂಜಿನಿಯರು ಆ ಪುಸ್ತಕವನ್ನು ನನ್ನ ತಲೆಯ ಮೇಲೆ ಇಟ್ಟು ನಿಲ್ಲಿಸುತ್ತಿದ್ದರು.

ಎಪ್ಪತ್ತೊಂದಕ್ಕೆ ಕಡಿದಾಗ ಮಾತ್ರ ನನಗೂ ಕೈ ಸೋತಂತಾಯಿತು. ಇಲ್ಲಿ ನಿನಗೊಂದು ವಿಷಯ ತಿಳಿಯಬೇಕು. ಮೆಷಿನ್ ಹತ್ರ ಹೋಗ್ಬೇಡ ಎಂದು ನೀನು ಅಂದ ಗಳಿಗೆಯಿಂದ ನಿನ್ನ ಹೆಂಡತಿ ಮೆಷಿನ್ನಿನ ಕೋಣೆಗೆ ಕಾಲಿಟ್ಟಿಲ್ಲ. ಟೀ ತಂದರೆ ಹೊಸ್ತಿಲ ಮೇಲೆ ಇಡುತ್ತಾಳೆ. ಬೇಗ ಮುಗಿಸಬೇಕಾದ ಅಂಚು ಹೊಲಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲಾಚೆ ಸ್ಟೂಲು ಹಾಕಿ ಕೂರುತ್ತಾಳೆ, ಹೆಬ್ಬೆರಳು ಹೊಸ್ತಿಲು ದಾಟದ ಹಾಗೆ. ಅಲ್ಲಿಂದಲೇ ನನಗೆ ದಾರಿ ತೋರಿಸಿದ್ದು. ಪರದೆಯ ಮೇಲಿನ ಇಂಗ್ಲಿಷನ್ನು ನಾನು ಓದಿ ಹೇಳುವುದು, ಎಲ್ಲಿ ಒತ್ತಬೇಕೆಂದು ಅವಳು ಹೇಳುವುದು. 'ಬಲಗಡೆ ಮೇಲೆ ಭಾವ. ಅದಲ್ಲ, ಹಲ್ಲಿನ ಚಕ್ರ ಇದೆಯಲ್ಲ ಅದು. ಭಾವ, ಅದು ಹವಾಮಾನ.' ಎಪ್ಪತ್ತೊಂದಕ್ಕೆ ಕಡಿದ ಮೇಲೆ ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ, ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದಳು: 'ಡಿಸೈನ್ ಇಳಿಸ್ಕೋತೀವಲ್ಲ, ಹಾಗೆ ಅಪ್‌ಡೇಟನ್ನೂ ಒಂದು ಫೈಲಾಗಿ ಇಳಿಸ್ಕೊಳ್ಳೋಕೆ ಬರಲ್ವಾ ಭಾವ? ಆಗ ಕಡಿದ್ರೂ ಕಡಿದಲ್ಲಿಂದಾನೇ ಶುರುವಾಗುತ್ತೆ.' ಹುಡುಕಿದರೆ ಅಂಥದ್ದೊಂದು ಇತ್ತು. ಅದಾದ ಮೇಲೆ ನಾಲ್ಕು ಸಲ ಕಡಿಯಿತು, ನಾಲ್ಕು ಸಲವೂ ಕಡಿದಲ್ಲಿಂದಲೇ ಎದ್ದು ನಡೆಯಿತು. ಈ ರಿಪೇರಿಯನ್ನು ನಾನು ಮಾಡಿದೆ ಎಂದು ಔಷಧಿ ಅಂಗಡಿಯವರ ಹತ್ತಿರ ಹೇಳಿಕೊಂಡಿದ್ದೇನೆ. ನಿನ್ನ ಹತ್ತಿರ ಹಾಗೆ ಹೇಳಲಾರೆ.

ಇವತ್ತು ಬೆಳಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ನೂರಾಯಿತು. ಆಮೇಲೆ ಅದು ತನ್ನನ್ನು ತಾನೇ ಕೂರಿಸಿಕೊಳ್ಳತೊಡಗಿತು, ಮೂರು ಸಲ ಆರಿ ಹೊತ್ತಿತು, ನೂರಕ್ಕೆ ಮೂವತ್ತಾದಾಗ ನಲವತ್ತು ನಿಮಿಷ ಅಲ್ಲೇ ನಿಂತಿತು. ನಾನು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಎರಡು ಗಂಟೆಗೆ ಸರಿಯಾಗಿ ಪರದೆ ಬೆಳಗಿತು. ಪ್ರೋಗ್ರಾಮು ಎದ್ದಿತು, ಪೆನ್‌ಡ್ರೈವಿನಿಂದ ಡಿಸೈನೂ ಬಂತು, ದೀಪ ದೀಪದ ಹಾಗೇ ಇದೆ. ಬಾರಮ್ಮಾ, ಕೂತ್ಕೋ ಎಂದು ಕರೆದೆ. ಹೊಸ್ತಿಲವರೆಗೆ ಬಂದಳು, ನೋಡಿದಳು, ಮುಖ ಅರಳಿತು. ಅಲ್ಲಿಗೇ ನಿಂತಳು. 'ಅವರು ಬೇಡ ಅಂದಿದ್ದಾರೆ ಭಾವ.' ನಾನು ಹಿರಿಯ, ನಾನು ಹೇಳ್ತಿದ್ದೀನಿ ಎಂದೆ. 'ನೀವು ಹೇಳಿದ್ರೆ ಕೂತ್ಕೋಬೋದು. ಆದ್ರೆ ಅವರು ಆಡಿದ್ದು ಹಾಗೇ ಇರುತ್ತಲ್ಲ' ಎಂದು ಹೊಲಿಗೆ ಎತ್ತಿಕೊಂಡು ಒಳಗೆ ಹೋದಳು. ಸಿಟ್ಟು ಇರಲಿಲ್ಲ ಕಣೋ. ಸಿಟ್ಟಿದ್ದಿದ್ದರೆ ಸಮಾಧಾನ ಮಾಡಬಹುದಿತ್ತು.

ಹೋಗಲಿ, ನಾನೇ ಮಾಡುತ್ತೇನೆಂದು ಬಟ್ಟೆ ಬಿಗಿದ ಫ್ರೇಮನ್ನು ಮೆಷಿನ್ನಿಗೆ ಏರಿಸಿದೆ. ಒಂದು ಸೂಜಿ ಮುರಿಯಿತು, ದೀಪ ಬದನೆಕಾಯಿಯ ಹಾಗೆ ಬಂತು. ಆ ಬಟ್ಟೆಯನ್ನು ಬಚ್ಚಿಟ್ಟಿದ್ದೇನೆ. ಲೆಕ್ಕ ಹೀಗಿದೆ: ಒಂದು ಫ್ರೇಮಿಗೆ ಆರು ಬ್ಯಾಡ್ಜು, ಮುಕ್ಕಾಲು ಗಂಟೆ. ಇಪ್ಪತ್ತು ಫ್ರೇಮು, ಊಟ ನಿದ್ದೆ ಬಿಟ್ಟು ಹದಿನೈದು ಗಂಟೆ. ನಾಳೆ ಹನ್ನೊಂದಕ್ಕೆ ಅವಳು ಕೂತರೆ ಶನಿವಾರ ಮಧ್ಯಾಹ್ನಕ್ಕೆ ಸರಿಯಾಗಿ ಮುಗಿಯುತ್ತದೆ. ಹನ್ನೆರಡಕ್ಕೆ ಕೂತರೆ ಇಲ್ಲ. ಯಂತ್ರ ಸಿದ್ಧವಾಗಿದೆ, ದಾರ ಸಿದ್ಧವಾಗಿದೆ, ಬಟ್ಟೆ ಕತ್ತರಿಸಿ ಇಟ್ಟಿದೆ.

ಅಕ್ಷರಗಳೇಕೋ ಒಂದರ ಮೇಲೊಂದು ಹತ್ತುತ್ತಿವೆ ಎಂದು ನೋಡಿದರೆ ಬೆಳಕು ಹೋಗುತ್ತಿದೆ. ಎದುರು ಗೋಡೆಯ ಮೇಲಿದ್ದ ಬಿಸಿಲು ಯಾವಾಗ ಎದ್ದುಹೋಯಿತೋ. ದೀಪ ಹಾಕಬೇಕಾದರೆ ಸ್ವಿಚ್ ಬೋರ್ಡಿನ ಹತ್ತಿರ ಹೋಗಬೇಕು, ಮಂಗಳವಾರದಿಂದ ನಾನು ಅದರ ಹತ್ತಿರ ಹೋಗಿಲ್ಲ. ಇಲ್ಲಿಗೇ ನಿಲ್ಲಿಸುತ್ತೇನೆ. ಹಗ್ಗ ಸಡಿಲ ಮಾಡಬೇಡ. ನರ್ಸಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಕಾಲು ಬೇಗ ಕೂಡಲಿ, ಸಿಟ್ಟು ಅದಕ್ಕಿಂತ ಬೇಗ ಇಳಿಯಲಿ ಎಂದು ಹರಸುವ
ನಿನ್ನ ಅಣ್ಣ

ಮರೆತ ಮಾತು: ಮರೆತದ್ದಲ್ಲ. ಸೋಮವಾರ ಸ್ವಿಚ್ಚು ಆರಿಸಿದವನು ನಾನು. ಪಂಪುಮನೆಯಲ್ಲಿ ಕೊನೆಗೆ ಹೊರಡುವವನು ಮೇನ್ ಎಳೆದೇ ಹೊರಡಬೇಕು, ಅದು ಕೈಗೆ ಅಂಟಿಬಿಟ್ಟಿದೆ. ಅವಳು ಹೊರಗಿನಿಂದ 'ಭಾವ, ಅದಿನ್ನೂ ತಿರುಗ್ತಾ ಇದೆ, ಹಾಗೇ ಬಿಡಿ' ಎಂದಳು. 'ಏನ್ ಬರ್ದಿದೆ ಅಂತ ನಂಗೆ ಓದೋಕೆ ಬರುತ್ತಮ್ಮಾ' ಎಂದೆ. ಓದಿಯೂ ಇದ್ದೆ. ಆರಿಸಬೇಡಿ ಎಂದೇ ಬರೆದಿತ್ತು. ಓದುತ್ತ ಓದುತ್ತ ಎಳೆದೆ. ಮರುದಿನ ನಿನ್ನ ಫೋನಿಗೆ ಅವಳು 'ನಾನೇ' ಎಂದಾಗ ನಾನು ಟೀ ಲೋಟ ಹಿಡಿದು ಎದುರಿಗೇ ನಿಂತಿದ್ದೆ. ಹೇಳಲಿಲ್ಲ. ಬುಧವಾರ ಎರಡು ಸಲ ನಿನ್ನ ನಂಬರು ಒತ್ತಿ, ನೀನು ಎತ್ತುವ ಮೊದಲೇ ಇಟ್ಟೆ. ಮೂರನೆಯ ಸಲ ಡೌನ್‌ಲೋಡಿನ ಸುದ್ದಿ ಎತ್ತಿದೆ, ಇದನ್ನು ಎತ್ತಲಿಲ್ಲ. ನಿನ್ನ ಅತ್ತಿಗೆಗೆ ಹೇಳಬೇಕಾಗಿದ್ದ ಇಂಥ ಎರಡು ಮೂರು ಮಾತು ಹಾಗೇ ಉಳಿದವು, ಕೇಳಿಸಿಕೊಳ್ಳಲು ಈಗ ಅವಳಿಲ್ಲ. ಇವಳಿದ್ದಾಳೆ. ಇವತ್ತು ಇವಳಿಗೆ 'ತಪ್ಪಾಯ್ತಮ್ಮಾ' ಎಂದು ಹೇಳಿಯೇ ಮನೆಗೆ ಹೋಗುತ್ತೇನೆ. ಆದರೆ ನಿನ್ನ ಮಾತನ್ನು ನಾನು ವಾಪಸು ತೆಗೆದುಕೊಳ್ಳಲಾರೆ, ಅದು ನಿನ್ನ ಬಾಯಿಂದಲೇ ಆಗಬೇಕು. ಔಷಧಿ ಅಂಗಡಿಯವರು ಷಟರಿಗೆ ಕೈ ಹಾಕಿದ್ದಾರೆ. ಹನ್ನೊಂದರೊಳಗೆ ಅವಳಿಗೇ ಫೋನು ಮಾಡು, ಕೂತ್ಕೋ ಎಂದು ಹೇಳು. ಬೈಗುಳ ಉಳಿದಿದ್ದರೆ ನನಗೆ ತೆಗೆದಿಡು, ನೀನು ಕೋಲೂರಿಕೊಂಡು ಬರುವ ದಿನ ನಾನು ಬಾಗಿಲಲ್ಲೇ ನಿಂತಿರುತ್ತೇನೆ.