ಸಡಿಲ ಕೈಯವಳ ಕಟಕಟಿ

ಸಿಡುಕು ಮೋರೆಯ ನನ್ನ ಪ್ರೀತಿಯ ಮಾವ,

ಕಿವಿಯ ಮೇಲಿನ ಪೆನ್ಸಿಲ್ ತೆಗೆದಿಟ್ಟು, ಕೂತು ಓದು. ನಿಂತು ಓದಿದರೆ ಅರ್ಧಕ್ಕೇ ಬಿಟ್ಟು ಗರಗಸಕ್ಕೆ ಕೈ ಹಾಕುವವನು ನೀನು. ಶಾಲೆಯ ಕೆಲಸ ನನಗೆ ಸಿಕ್ಕಿತೋ ಇಲ್ಲವೋ ಎಂದು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಓದುವುದಿಲ್ಲ, ಅದಕ್ಕೇ ಹೇಳುವುದಿಲ್ಲ. ಇಷ್ಟು ವರ್ಷ ನೀನು ಮಾತಾಡಿದೆ, ನಾನು ಕೇಳಿದೆ. ಈ ಕಾಗದದ ಮಟ್ಟಿಗೆ ನಾನು ಮಾತಾಡುತ್ತೇನೆ, ನೀನು ಬಾಯಿ ಮುಚ್ಚಿಕೊಂಡು ಕೇಳು.

ನಿನ್ನ ಅಂಗಡಿಯಲ್ಲಿ ಸದ್ದು ಅಂದರೆ ಬೈಗುಳಕ್ಕೆ ಸಮ. ಮಾಡಿ ಮುಗಿಸಿದ ಮೇಜಿನ ಡ್ರಾಯರಿಗೆ ನೀನು ಕಿವಿ ಹಚ್ಚಿ ಎಳೆಯುತ್ತಿದ್ದೆ. ಅದು ಕಿರ್ ಎಂದಿತೋ, ಮಾಡಿದವರ ಗ್ರಹಚಾರ ಕೆಟ್ಟಿತು. ನಾನು ಮಾಡಿದ್ದೆಲ್ಲ ಒಂದಲ್ಲ ಒಂದು ಸದ್ದು ಮಾಡಿತು. ಆ ದಪ್ಪನೆಯ ವಕೀಲರು ನಾನು ಜೋಡಿಸಿದ ಕುರ್ಚಿಯ ಮೇಲೆ ಕೂತದ್ದು, ಅದು ಲೊಡಕ್ ಎಂದದ್ದು, ನೀನು ಎಲ್ಲರೆದುರು, "ಇವಳ ಕೈ ಸಡಿಲ, ಇವಳು ಪಾಲಿಶ್ ಹಚ್ಕೊಂಡಿರ್ಲಿ ಸಾಕು" ಎಂದದ್ದು ನಿನಗೆ ನೆನಪಿರಲಿಕ್ಕಿಲ್ಲ. ನನಗೆ ಚೆನ್ನಾಗಿ ನೆನಪಿದೆ. ಅಲ್ಲಿಂದ ಮುಂದೆ ಬೇರೆಯವರು ಮಾಡಿದ ಕುರ್ಚಿಗಳಿಗೆ ಹೊಳಪು ಕೊಡುವುದೇ ನನ್ನ ಬದುಕಾಯಿತು. ಹೊಟ್ಟೆ ಉರಿಯುತ್ತಿತ್ತು ಮಾವ. ಮೇಲೆ ನಗುತ್ತಿದ್ದೆ, ಅಷ್ಟೇ.

ನಾನು ಹೊರಟ ದಿನವೂ ನೀನು ಬಿಡಲಿಲ್ಲ. "ಹೋಗ್ಬಿಟ್ಟು ಬಾ, ಒಂದು ವಾರ. ಬ್ರಷ್ ಒಣಗದ ಹಾಗೆ ಎತ್ತಿಟ್ಟಿರ್ತೀನಿ" ಎಂದೆ. ಆ ಮಾತು ದಾರಿಯುದ್ದಕ್ಕೂ ನನ್ನ ಬೆನ್ನಿಗೇ ಬಂತು.

ಆ ಶಾಲೆಯ ಮರಗೆಲಸದ ಕೋಣೆ ಹಳೆಯ ಮೇಷ್ಟ್ರು ನಿವೃತ್ತಿಯಾದ ಮೇಲೆ ಬೀಗ ಹಾಕಿಕೊಂಡೇ ಇತ್ತು. ಬೆಂಚುಗಳ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಹೆಡ್ಮೇಡಂ ಕಡ್ಡಿ ಮುರಿದ ಹಾಗೆ ಮಾತಾಡುವ ಹೆಂಗಸು. "ಒಂದು ತರಗತಿ ಮಾಡಿ ತೋರ್ಸಿ. ಗಂಟೆ ಹೊಡೆಯೋ ಹೊತ್ತಿಗೆ ಪ್ರತಿ ಮಗುವಿನ ಕೈಯಲ್ಲೂ ಕೆಲಸ ಮಾಡೋ ವಸ್ತು ಇರ್ಬೇಕು. ಇದ್ರೆ ಕೋಣೆ ನಿಮ್ಮದು, ಕೆಲಸಾನೂ ನಿಮ್ಮದು. ಇಲ್ಲಾಂದ್ರೆ ಮುರಿದ ಬೆಂಚು ಹಾಕೋಕೆ ನಂಗೆ ಜಾಗ ಬೇಕು." ಅಂದರೆ ನಾನೋ, ಮುರಿದ ಬೆಂಚೋ. ಸೋತರೆ ವಾಪಸ್ ನಿನ್ನ ಪಾಲಿಶ್ ಡಬ್ಬಿಯ ಮುಂದೆ.

ನಾನು ಆರಿಸಿಕೊಂಡದ್ದು ಕಟಕಟಿ. ಒಂದು ಕೋಲು, ಅದರ ತುದಿಯಲ್ಲಿ ಹಲ್ಲಿನ ಚಕ್ರ. ಚಕ್ರದ ಕೆಳಗೆ ಅದೇ ಕೋಲಿಗೆ ಪೋಣಿಸಿದ ಒಂದು ಅಡ್ಡ ಹಲಗೆ. ಹಲಗೆಯ ಆಚೆ ತುದಿಯ ಗೂಟಕ್ಕೆ ಸಿಕ್ಕಿಸಿದ ತೆಳ್ಳನೆಯ ಪಟ್ಟಿಯೊಂದು ಚಕ್ರದ ಹಲ್ಲಿಗೆ ತಾಗಿಕೊಂಡಿರುತ್ತದೆ. ಕೋಲು ಹಿಡಿದು ಬೀಸಿದರೆ ಹಲಗೆ ಗಿರ್ರನೆ ಸುತ್ತಿ, ಪಟ್ಟಿ ಹಲ್ಲಿಂದ ಹಲ್ಲಿಗೆ ಹಾರುತ್ತಾ ಕಟಕಟಕಟ ಎನ್ನುತ್ತದೆ. ಮಕ್ಕಳಿಗೆ ಬೇಕಾದ ತುಂಡುಗಳನ್ನೆಲ್ಲ ಮೊದಲೇ ಕೊಯ್ದಿಟ್ಟುಕೊಂಡೆ. ಮಾದರಿಯೊಂದನ್ನು ಮಾತ್ರ ನಿನ್ನನ್ನು ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಂಡು ಮಾಡಿದೆ. ತೂತಿಗೂ ಕೋಲಿಗೂ ನಡುವೆ ಕೂದಲು ತೂರಬಾರದು, ಹಾಗೆ. ಗೂಟಕ್ಕೆ ಹಚ್ಚಿದ ಅಂಟು ಒಣಗುವವರೆಗೆ ಅಲುಗಿಸಬಾರದೆಂದು ನೀನೇ ಕಲಿಸಿದ್ದರಿಂದ ಬೀಸಿ ನೋಡಲೂ ಇಲ್ಲ.

ತರಗತಿ ತುಂಬಿತು. ಹದಿಮೂರು ಹದಿನಾಲ್ಕರ ಮಕ್ಕಳು, ಯಾವುದನ್ನೂ ನಂಬದ ವಯಸ್ಸು. ಹಿಂದಿನ ಬೆಂಚಿನಲ್ಲಿ ಹೆಡ್ಮೇಡಂ. ನಾನು ದೊಡ್ಡ ಜಾದೂಗಾರ್ತಿಯ ಹಾಗೆ ಕಟಕಟಿ ಎತ್ತಿ ಹಿಡಿದು, "ಈಗ ಕೇಳಿ" ಎಂದು ಬೀಸಿದೆ.

ಉಸಿರಿಲ್ಲ. ಹಲಗೆ ಕೋಲಿಗೆ ಕಚ್ಚಿಕೊಂಡು ಕೂತಿತ್ತು. ಇನ್ನೊಂದು ಸಲ ಬೀಸಿದೆ, ಭುಜ ಉಳುಕಿತೇ ಹೊರತು ಅದು ಕದಲಲಿಲ್ಲ. ಮುಂದಿನ ಬೆಂಚಿನಲ್ಲಿ ದಪ್ಪ ಗಾಜಿನ ಕನ್ನಡಕದ ಹುಡುಗಿಯೊಬ್ಬಳಿದ್ದಳು, ಎಲ್ಲರೂ ಅವಳನ್ನು ಸೋಡಾಬುಡ್ಡಿ ಎನ್ನುತ್ತಾರೆ, ಅವಳೂ ಓ ಎನ್ನುತ್ತಾಳೆ. ಅವಳು ತಣ್ಣಗೆ, "ಟೀಚರ್, ಅದು ಮಲಗಿದೆ" ಎಂದಳು. ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು. ಹೆಡ್ಮೇಡಂ ಗಡಿಯಾರ ನೋಡಿದರು.

ನನ್ನ ಕಿವಿ ಕಾದುಹೋಯಿತು ಮಾವ. ಓಡಿಹೋಗೋಣ ಎನ್ನಿಸಿತು, ನಿಜ. ಆದರೆ ಕೈಯಲ್ಲಿದ್ದದ್ದನ್ನು ನೋಡಿದರೆ, ನನ್ನ ಜನ್ಮದಲ್ಲಿ ನಾನು ಮಾಡಿದ ಮೊದಲ ಬಿಗಿಯಾದ ಜೋಡಣೆ ಅದು. ನೀನು ನೋಡಿದ್ದರೆ ತಲೆದೂಗುತ್ತಿದ್ದೆ. ಅದು ಇಲ್ಲಿ ಮೂರು ಕಾಸಿಗೂ ಪ್ರಯೋಜನವಿಲ್ಲದೆ ಮೂಗನ ಹಾಗೆ ಕೂತಿದೆ. ನನಗೂ ನಗು ತಡೆಯಲಾಗಲಿಲ್ಲ. ಮಕ್ಕಳ ಜೊತೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಕ್ಕ ಮೇಲೆ ಕೈ ನನ್ನದಾಯಿತು. ಹಲಗೆಯನ್ನು ತಟ್ಟಿ ಬಿಡಿಸಿ, ದುಂಡನೆಯ ಅರದಿಂದ ತೂತನ್ನು ಉಜ್ಜಿದೆ, ಸಡಿಲವಾಗುವವರೆಗೆ, ಇನ್ನೂ ಸಡಿಲವಾಗುವವರೆಗೆ, ನೀನಾಗಿದ್ದರೆ ನನ್ನ ಕೈಯಿಂದ ಅರ ಕಿತ್ತುಕೊಳ್ಳುವಷ್ಟು. ಪಟ್ಟಿಯನ್ನೂ ಉಳಿಯಿಂದ ಕೆತ್ತಿ ತೆಳ್ಳಗೆ ಮಾಡಿದೆ. ಮತ್ತೆ ಜೋಡಿಸಿ ಬೀಸಿದೆ. ಅದು ಕೂಗಿದ ರಭಸಕ್ಕೆ ಕಿಟಕಿಯ ಮೇಲಿನ ಪಾರಿವಾಳಗಳು ಎದ್ದುಹೋದವು.

ಆಮೇಲೆ ಮಕ್ಕಳನ್ನು ಹಿಡಿಯುವವರು ಯಾರು? ಅರ ಕೊಡಿ, ಮರಳು ಕಾಗದ ಕೊಡಿ, ನಂದು ನೋಡಿ, ನಂದು ನೋಡಿ. ನಾನು ಬೆಂಚಿಂದ ಬೆಂಚಿಗೆ ಓಡಾಡುತ್ತಾ, "ಸಡಿಲ ಮಾಡಿ, ಹೆದರಬೇಡಿ" ಎಂದು ಧಾರಾಳವಾಗಿ ಬೋಧಿಸಿದೆ. ಬೋಧನೆ ಸ್ವಲ್ಪ ಹೆಚ್ಚೇ ಆಯಿತು. ಅವರು ಬೀಸಿದಾಗ ಹಲಗೆಗಳೇನೋ ಚೆನ್ನಾಗಿ ಸುತ್ತಿದವು, ಸದ್ದು ಮಾತ್ರ ಇಲ್ಲ. ಸೋಡಾಬುಡ್ಡಿ ತನ್ನದನ್ನು ಮೂಗಿನ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸಿ ನೋಡಿದಳು. "ಟೀಚರ್, ಚಕ್ರಾನೂ ಹಲಗೆ ಜೊತೇಲೇ ಸುತ್ತುತ್ತಿದೆ. ಅದು ನಿಂತ್ಕೊಂಡ್ರೆ ತಾನೆ ಪಟ್ಟಿ ಹಾರೋದು?" ಎಂದಳು.

ಹೌದಲ್ಲ. ಹಲಗೆ ಸಡಿಲ ಇರಬೇಕು, ಚಕ್ರ ಬಿಗಿ ಇರಬೇಕು. ನನ್ನ ಮಾದರಿಯ ಚಕ್ರಕ್ಕೆ ನಾನು ಯೋಚನೆಯೇ ಮಾಡದೆ ನೀನು ಕಲಿಸಿದ ಹಾಗೆ ಬೆಣೆ ಹೊಡೆದಿದ್ದೆ, ಮಕ್ಕಳಿಗೆ ಹೇಳುವುದನ್ನೇ ಮರೆತಿದ್ದೆ. ಗಂಟೆ ಹೊಡೆಯಲು ಹೆಚ್ಚು ಹೊತ್ತಿರಲಿಲ್ಲ. ಎಲ್ಲರನ್ನೂ ಸುತ್ತ ಕರೆದು, ಕೋಲಿನ ತುದಿಯನ್ನು ಉಳಿಯಿಂದ ಸೀಳಿ, ಚಕ್ರ ತೊಡಿಸಿ, ಸೀಳಿಗೆ ಬೆಣೆ ಇಟ್ಟು ಸುತ್ತಿಗೆಯಿಂದ ತಟ್ಟಿದೆ. ಎಷ್ಟು ಹೊಡೆಯಬೇಕು ಎಂದು ಒಬ್ಬ ಕೇಳಿದಾಗ, ನಿನ್ನ ಮಾತು ನನ್ನ ಬಾಯಲ್ಲಿ ಬಂತು: "ಕಿವಿ ಇಟ್ಟು ಕೇಳು. ಟೊಕ್ ಟೊಕ್ ಅನ್ನೋದು ಟಣ್ ಅಂದಾಗ ಬೆಣೆ ಕೂತಿದೆ ಅಂತ ಅರ್ಥ. ಆಮೇಲೆ ಒಂದೇಟೂ ಹೆಚ್ಚು ಬೇಡ." ಎಲ್ಲರೂ ತಲೆ ಬಗ್ಗಿಸಿಕೊಂಡು ತಟ್ಟುತ್ತಿದ್ದಾರೆ, ಕೇಳುತ್ತಿದ್ದಾರೆ. ಆ ಮೂಲೆಯಲ್ಲಿ ಒಂದು ಟಣ್, ಈ ಮೂಲೆಯಲ್ಲಿ ಒಂದು ಟಣ್.

ಗಂಟೆ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ. ಕೇಳಿಸುವುದು ಹೇಗೆ? ಅಷ್ಟೂ ಕಟಕಟಿಗಳು ಒಟ್ಟಿಗೆ ಬಾಯಿ ಬಿಟ್ಟಿದ್ದವು. ಮಕ್ಕಳು ಬೀಸುತ್ತಾ ವರಾಂಡಕ್ಕೆ ನುಗ್ಗಿದರು, ಪಕ್ಕದ ತರಗತಿಯ ಲೆಕ್ಕದ ಮೇಷ್ಟ್ರು ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದರು. ಸೋಡಾಬುಡ್ಡಿ ಬೆಂಚಿನ ಮೇಲೆ ಹತ್ತಿ ಎರಡೂ ಕೈಯಲ್ಲಿ ಬೀಸುತ್ತಿದ್ದಳು. ನಾನು ಹುಚ್ಚಿಯ ಹಾಗೆ ನಗುತ್ತಿದ್ದೆ, ಅಳುತ್ತಲೂ ಇದ್ದೆ ಎಂದು ಆಮೇಲೆ ಕೆನ್ನೆ ಒರೆಸಿಕೊಂಡಾಗ ಗೊತ್ತಾಯಿತು.

ಹೆಡ್ಮೇಡಂ ಒಂದು ಕಿವಿಗೆ ಕೈ ಒತ್ತಿಕೊಂಡು ಬಂದರು. ಏನೋ ಹೇಳಿದರು, ಕೇಳಿಸಲಿಲ್ಲ. ಕೋಣೆಯ ಬೀಗದ ಕೈಯನ್ನು ನನ್ನ ಅಂಗೈಗೆ ಒತ್ತಿದರು, ಅದು ಕೇಳಿಸಿತು. ಸಿಕ್ಕಿತು ಮಾವ. ಕೆಲಸ ನನ್ನದು, ಕೋಣೆ ನನ್ನದು, ಆ ಗಲಾಟೆಯೂ ನನ್ನದೇ.

ಆಮೇಲೆ ಅವರು ನನ್ನ ಕಿವಿಗೆ ಬಾಯಿಟ್ಟು ಕೂಗಿದರು: "ಇದನ್ನೆಲ್ಲ ಯಾರ ಹತ್ರ ಕಲಿತ್ರಿ?" ಈ ಪ್ರಶ್ನೆಗೆ ಎಷ್ಟೋ ವರ್ಷದಿಂದ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಯಾರ ಹತ್ತಿರವೂ ಇಲ್ಲ, ನಾನೇ ಕಲಿತೆ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದಿದ್ದೆ. ಬಾಯಿ ತೆರೆದಾಗ ಬಂದದ್ದೇ ಬೇರೆ. "ಅರ್ಧ ನಮ್ಮ ಮಾವನ ಹತ್ರ," ಎಂದು ಕೂಗಿದೆ, "ಅರ್ಧ ನಾನೇ."

ಅರ್ಧಕ್ಕಿಂತ ಹೆಚ್ಚು ಕೊಡಲಾರೆ ಮಾವ, ಕೇಳಬೇಡ. ಆದರೆ ಆ ಅರ್ಧವನ್ನು ಎಲ್ಲರೆದುರು, ಗಂಟಲು ಹರಿಯುವ ಹಾಗೆ ಕೂಗಿ ಕೊಟ್ಟಿದ್ದೇನೆ.

ದೊಡ್ಡವರನ್ನು ಚಿಕ್ಕವರು ಹರಸಬಾರದಂತೆ. ಇವತ್ತು ಯಾರೂ ನನ್ನನ್ನು ತಡೆಯಲಾರರು. ನಿನ್ನ ಉಳಿ ಮೊಂಡಾಗದಿರಲಿ, ಕಿವಿ ಮಂದವಾಗದಿರಲಿ, ನೂರು ಕಾಲ ಬಾಳು.

ಇಂತಿ, ನಿನ್ನ ತಂಗಿಯ ಮಗಳು,
ಮರಗೆಲಸದ ಟೀಚರ್